ಹದಿನಾಲ್ಕು ತಿಂಗಳ ಬಸುರಿ

ಚಿಕ್ಕಬೋರಮ್ಮನಲ್ಲಿ ಚಿಕ್ಕದು ಅಂತ ಇದ್ದದ್ದು ಹೆಸರಿನ ಮೊದಲ ಎರಡಕ್ಷರ ಮಾತ್ರ. ಅಜ್ಜಿ ದೊಡ್ಡಬೋರಮ್ಮ ಬದುಕಿದ್ದಾಗಲೇ ಹುಟ್ಟಿದ ಮೊಮ್ಮಗಳಾದ್ದರಿಂದ ಆ ಹೆಸರು ಬಂತು. ಅಜ್ಜಿಯೋ, ಜೋರು ಗಾಳಿ ಬಂದರೆ ಹಾರಿಹೋಗುವಂಥವಳು. ಮೊಮ್ಮಗಳು ಗಾಡಿಯ ಹಿಂದುಗಡೆ ಕೂತರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಹಗುರಾಗುತ್ತಿತ್ತು. ಹೆಸರಿಟ್ಟವರು ಮುಂದಾಲೋಚನೆ ಮಾಡಲಿಲ್ಲ ಅಂತ ಅವಳೇ ಹೇಳಿಕೊಂಡು ನಗುತ್ತಿದ್ದಳು.

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ಹಳೇಕಟ್ಟೆ ಅಂತ ಒಂದು ಊರು, ಊರ ಮುಂದೆ ಒಂದು ಕೈಮರ. ಆ ಕೈಮರದ ಪಕ್ಕದಲ್ಲೇ ಚಿಕ್ಕಬೋರಮ್ಮನ ಊಟದ ಹೋಟ್ಲು. ಹೋಟ್ಲು ಅಂದರೆ ನಾಡಹೆಂಚಿನ ಒಂದು ಅಂಕಣ, ಎರಡು ಬೆಂಚು, ಸದಾ ಉರಿಯುವ ಒಲೆ. ಬಸ್ಸಿನ ಡ್ರೈವರುಗಳು, ಕಬ್ಬಿನ ಗಾಡಿಯವರು, ಹೇಮಗಿರಿ ಜಾತ್ರೆಯಲ್ಲಿ ದನ ಕಟ್ಟುವ ಕಾಲಕ್ಕೆ ಎತ್ತು ಹೊಡೆದುಕೊಂಡು ಹೋಗುವ ರೈತರು, ಎಲ್ಲರೂ ಅಲ್ಲಿ ಇಳಿಯಲೇಬೇಕು. ಬಿಸಿ ಮುದ್ದೆ, ಉಪ್ಸಾರು, ಅಂಚಿಗೆ ಒಂದು ಚೂರು ಖಾರ. ಹತ್ತು ಸೇರು ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ಗಂಟಿಲ್ಲದಂತೆ ತೊಳಸುವ ತೋಳು ಆ ಸೀಮೆಯಲ್ಲಿ ಅವಳೊಬ್ಬಳಿಗೇ ಇತ್ತು.

ಅವಳು ತಿನ್ನುತ್ತಿದ್ದಳೇ? ತಿನ್ನುತ್ತಿದ್ದಳು. ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಅವಳ ಗಂಡ ಹುಚ್ಚಯ್ಯ ಅವಳಿಗಿಂತ ಒಂದು ಮುದ್ದೆ ಹೆಚ್ಚಿಗೇ ಉಣ್ಣುತ್ತಿದ್ದ. ಉಂಡು, ಎಲೆಡಿಕೆ ಹಾಕಿಕೊಂಡು, ಬೆಂಚಿನ ಮೇಲೆ ಒರಗಿದರೆ ಒಣಗಿದ ಜೋಳದ ದಂಟನ್ನು ಯಾರೋ ಮರೆತು ಇಟ್ಟು ಹೋದ ಹಾಗೆ ಕಾಣುತ್ತಿದ್ದ. "ಪಾಪ, ಉಂಡಿದ್ದು ಮೈಗೆ ಅತ್ತಕಿಲ್ಲ," ಅಂತ ಊರು ಅವನಿಗೆ ಮರುಗುತ್ತಿತ್ತು. ಅವಳನ್ನು ನೋಡಿದರೆ ಮಾತ್ರ ಎಲ್ಲರಿಗೂ ದೇಶದ ದವಸ ನೆನಪಾಗುತ್ತಿತ್ತು.

ಅರವತ್ತೈದನೇ ಇಸವಿ ಯುಗಾದಿ ಆದ ಮೇಲೆ ಚಿಕ್ಕಬೋರಮ್ಮನಿಗೆ ಬಗ್ಗಿ ಒಲೆ ಊದುವುದು ಕಷ್ಟವಾಯಿತು. ಆಗ ಅವಳಿಗೆ ನಲವತ್ತಮೂರು. ಇಬ್ಬರು ಹೆಣ್ಣುಮಕ್ಕಳನ್ನು ನಾಗಮಂಗಲದ ಕಡೆ ಕೊಟ್ಟು ಅಜ್ಜಿಯೂ ಆಗಿದ್ದಳು. ಹೊಟ್ಟೆ ಗಟ್ಟಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹಳೇಕಟ್ಟೆಯಲ್ಲಿ ಸರ್ಕಾರದ ಒಂದು ಸಣ್ಣ ಆಸ್ಪತ್ರೆ ಇತ್ತು. ಒಬ್ಬ ಡಾಕ್ಟರು, ದಾಸಯ್ಯ ಅಂತ ಒಬ್ಬ ಕಾಂಪೌಂಡರು, ದೊಡ್ಡ ಜಾಡಿಯಲ್ಲಿ ಕೆಂಪು ಔಷಧಿ. ತಲೆನೋವಿಗೂ ಅದೇ, ಬೇಧಿಗೂ ಅದೇ. ಸೀಸೆ ನಾವೇ ಒಯ್ಯಬೇಕು. ಅದರ ಮೇಲೆ ಅಂಟಿಸುವ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಮಾತ್ರ ಸರ್ಕಾರದ್ದು.

"ಏನಮ್ಮಾ?" ಅಂದರು ಡಾಕ್ಟರು, ಮೇಜಿನ ಆಚೆಯಿಂದ.

"ಒಟ್ಟೆ ಗಟ್ಟಿಯಾಯ್ತಾ ಅದೆ ಸ್ವಾಮಿ. ಬಗ್ಗಕ್ಕಾಗಕಿಲ್ಲ. ಉಸ್ರು ಇಡ್ಕೊಂಡಂಗಾಯ್ತದೆ."

"ದಿನಕ್ಕೆ ಏನೇನು ತಿಂತೀಯ?"

ಚಿಕ್ಕಬೋರಮ್ಮ ಸುಳ್ಳು ಹೇಳುವ ಜಾಯಮಾನದವಳಲ್ಲ. "ಬೆಳಿಗ್ಗೆ ಎಲ್ಡು ರೊಟ್ಟಿ. ಮದ್ಯಾನ್ನಕ್ಕೆ ಎಲ್ಡು ಮುದ್ದೆ, ಒಸಿ ಅನ್ನ. ರಾತ್ರಿಗೆ ಒಂದೂವರೆ ಮುದ್ದೆ. ಉಪ್ಪು ಕಾರ ನೋಡಕ್ಕೆ ಅಂತ ಬಾಯಿಗೆ ಬಿದ್ದಿದ್ದು ಬ್ಯಾರೆ."

ಡಾಕ್ಟರು ದಾಸಯ್ಯನ ಮುಖ ನೋಡಿ ನಕ್ಕರು. "ರೋಗ ಗೊತ್ತಾಯ್ತಲ್ಲಪ್ಪ. ತಿನ್ನೋದು ನಿಲ್ಲಿಸಮ್ಮ. ನಿನ್ನ ಮೈಗೆ ನೀನೇ ಜವಾಬ್ದಾರಿ. ಸರ್ಕಾರ ಬಂದು ನಿನ್ನ ಬಾಯಿ ಹೊಲಿಯೋಕಾಗುತ್ತಾ?"

ಕೊರಳಲ್ಲಿ ನೇತುಹಾಕಿಕೊಂಡಿದ್ದ ಕೊಳವೆ ಕೊರಳಲ್ಲೇ ಇತ್ತು. ಕೈ ಮೇಜಿನ ಮೇಲೇ ಇತ್ತು. ತೂಕ ಬರೆಯಬೇಕಿತ್ತು, ಆದರೆ ಆಸ್ಪತ್ರೆಯ ತಕ್ಕಡಿ ಕೆಟ್ಟು ಮೂರು ವರ್ಷವಾಗಿತ್ತು. "ಅಕ್ಕಿ ಗಿರಣಿಯಲ್ಲಿ ತೂಗಿಸ್ಕೊಂಡು ಚೀಟಿ ತಗೊಂಡು ಬಾ," ಅಂತ ಕಳಿಸಿದರು. ಗಿರಣಿಯವನು ಭತ್ತದ ಮೂಟೆ ಇಳಿಸಿ ಅವಳನ್ನು ಹತ್ತಿಸಿದ. ಮಿಲ್ಲಿಗೆ ಬಂದವರೆಲ್ಲ ಸುತ್ತ ನಿಂತರು. ನೂರ ನಾಲ್ಕು ಕೆ.ಜಿ. "ಗೋಣಿ ತೂಕ ಬುಟ್ಟು ಇಷ್ಟು ಕಣ್ರಪ್ಪೋ," ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಚಿಕ್ಕಬೋರಮ್ಮನೂ ನಕ್ಕಳು. ನಗದೆ ಇಳಿಯುವುದು ಹೇಗೆ?

ಅಂದು ಮಧ್ಯಾಹ್ನ ಎಂದಿನಂತೆ ದಾಸಯ್ಯ ಡಾಕ್ಟರ ಊಟದ ಕ್ಯಾರಿಯರ್ ಹಿಡಿದುಕೊಂಡು ಹೋಟ್ಲಿಗೆ ಬಂದ. ಮೇಲಿನ ಡಬ್ಬಿಗೆ ಉಪ್ಸಾರು, ಕೆಳಗಿನದಕ್ಕೆ ಮುದ್ದೆ. "ನೆನ್ನೆ ತುಪ್ಪ ಕಮ್ಮಿ ಆಗಿತ್ತಂತೆ ಕಣಮ್ಮ, ಸಾಹೇಬ್ರು ಹೇಳಿದ್ರು," ಅಂದ.

ಅವಳು ತುಪ್ಪ ಹೆಚ್ಚಿಗೆ ಬಿಟ್ಟಳು. ತನ್ನ ತಟ್ಟೆಗೆ ಮಾತ್ರ ಅಂದಿನಿಂದ ಒಂದೇ ಮುದ್ದೆ ಇಟ್ಟುಕೊಂಡಳು. ಹಟ ಹಿಡಿದರೆ ಬಿಡುವವಳಲ್ಲ. ರೊಟ್ಟಿ ಬಿಟ್ಟಳು, ಅನ್ನ ಬಿಟ್ಟಳು, ರಾತ್ರಿ ಮಜ್ಜಿಗೆ ಕುಡಿದು ಮಲಗಿದಳು. ಡಾಕ್ಟರ ಆಜ್ಞೆಯನ್ನು ಅವಳಿಗಿಂತ ಹೆಚ್ಚು ಭಕ್ತಿಯಿಂದ ಪಾಲಿಸಿದವನು ಹುಚ್ಚಯ್ಯ. ಅವಳು ಬಿಟ್ಟ ರೊಟ್ಟಿಯನ್ನೂ ಅನ್ನವನ್ನೂ ಹಾಳಾಗಬಾರದೆಂದು ತಾನೇ ಉಂಡು, ಮೇಲೆ ಅವಳ ಕಾವಲಿಗೆ ಕೂತ. ಸಾರಿನ ಉಪ್ಪು ನೋಡಲು ಅವಳು ಸೌಟು ಎತ್ತಿದರೆ ಸಾಕು, "ಏಯ್, ಡಾಕ್ಟ್ರು ಏನ್ ಯೋಳವ್ರೆ?" ಅಂತ ಬೆಂಚಿನಿಂದಲೇ ಗದರುತ್ತಿದ್ದ.

ಆರು ತಿಂಗಳಾಯಿತು. ಎಷ್ಟೋ ವರ್ಷದಿಂದ ಮಣಿಕಟ್ಟು ಬಿಟ್ಟು ಅಲುಗದಿದ್ದ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಕೆನ್ನೆ ಇಳಿಯಿತು. ಹೊಟ್ಟೆ ಮಾತ್ರ ಇನ್ನೂ ಮುಂದಕ್ಕೆ ಬಂತು. ಮತ್ತೆ ಆಸ್ಪತ್ರೆಗೆ ಹೋಗಿ ಬಳೆ ತೋರಿಸಿದಳು.

"ಕೊಬ್ಬು ಮೊದಲು ಕೈಯಿಂದ ಕರಗುತ್ತೆ," ಅಂದರು ಡಾಕ್ಟರು, ಕೂತಲ್ಲಿಂದಲೇ. "ಹೊಟ್ಟೆ ಇಳೀತಿಲ್ಲ ಅಂದ್ರೆ ಕದ್ದು ತಿಂತಿದ್ದೀಯ ಅಂತ ಅರ್ಥ. ನನ್ನ ಹತ್ರ ಸುಳ್ಳು ಹೇಳಬೇಡ."

ಕದ್ದು ಅನ್ನುವ ಮಾತು ಅವಳಿಗೆ ಬಾಸುಂಡೆ ಎದ್ದ ಹಾಗೆ ಆಯಿತು. ತನ್ನ ಹೋಟ್ಲಲ್ಲಿ, ತಾನೇ ಬೇಯಿಸಿದ್ದನ್ನು ಕದಿಯುವುದಾದರೂ ಯಾರಿಂದ? ಮನೆಗೆ ಬಂದು ಹುಚ್ಚಯ್ಯನಿಗೆ ಹೇಳಿದಳು. ಅವನು ಎಲೆಗೆ ಸುಣ್ಣ ಸವರುತ್ತ, "ಓದಿರೋರು ಸುಮ್ಸುಮ್ಕೆ ಯೋಳಾರಾ?" ಅಂದ.

ಅದು ದೇಶಕ್ಕೆಲ್ಲ ಅನ್ನದ ಬರ ಬಂದ ಕಾಲ. ಸೋಮವಾರ ಸಂಜೆ ಊಟ ಬಿಡಿ ಅಂತ ರೇಡಿಯೋ ಹೇಳುತ್ತಿತ್ತು. ಚಿಕ್ಕಬೋರಮ್ಮ ಸೋಮವಾರ ಸಂಜೆ ಹೋಟ್ಲಿನ ಬಾಗಿಲು ಹಾಕುತ್ತಿದ್ದಳು. ಒಂದು ದಿನ ತಾಲೂಕಿನಿಂದ ಒಬ್ಬ ಆಫೀಸರು ಬಂದು ಸ್ಕೂಲಿನ ಮುಂದೆ ಭಾಷಣ ಮಾಡಿದರು. ಇಲಿ ತಿನ್ನುವ ದವಸದಿಂದ ಶುರುಮಾಡಿ ಮನುಷ್ಯರು ತಿನ್ನುವ ದವಸಕ್ಕೆ ಬಂದರು. "ಒಬ್ಬೊಬ್ಬರು ನಾಲ್ಕು ಜನದ ಅನ್ನ ತಿಂದು ಕೂತಿದ್ದಾರೆ. ಅಂಥವರಿಂದಲೇ ದೇಶಕ್ಕೆ ಈ ಗತಿ. ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ," ಅಂದರು.

ಸಭೆಯ ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ಚಿಕ್ಕಬೋರಮ್ಮ ನೆಲಕ್ಕೆ ಕೈಯೂರಿ ಎದ್ದಳು. ಏಳುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಸಭೆ ಕಾಯಿತು.

"ಸ್ವಾಮೇರು ಮದ್ಯಾನ್ನ ನಮ್ಮಲ್ಲೇ ಉಂಡ್ರಿ. ಮೂರು ಮುದ್ದೆ ನಾನೇ ಇಕ್ಕಿದ್ದು. ನಾನು ಆರು ತಿಂಗ್ಳಿಂದ ಒತ್ತಿಗೊಂದು ಮುದ್ದೆಯೂ ಇಲ್ದೆ ದಿನಕ್ಕೊಂದು ಉಣ್ತಾ ಇವ್ನಿ. ದೇಸದ ಅನ್ನ ಎಲ್ಲೋಯ್ತದೆ ಅಂತ ತಾವೇ ಒಸಿ ಯೋಚ್ನೆ ಮಾಡಿ."

ಸ್ಕೂಲಿನ ಹೆಂಚು ಹಾರುವ ಹಾಗೆ ಜನ ನಕ್ಕರು. ಆಫೀಸರು ಇಲಿಗಳ ವಿಷಯಕ್ಕೆ ವಾಪಸು ಹೋದರು. ಗೆದ್ದು ಬಂದವಳು ಒಲೆ ಮುಂದೆ ಕೂತು ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಮಾತಿನಲ್ಲಿ ಗೆದ್ದರೆ ಅದು ಇಳಿಯುತ್ತದೆಯೇ? ಅದು ತನ್ನದಲ್ಲವೇನೋ, ಯಾರದೋ ಮೂಟೆಯನ್ನು ತಾನು ಹೊತ್ತು ತಿರುಗುತ್ತಿದ್ದೇನೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹಾಗೆ ಯಾರಿಗಾದರೂ ಹೇಳಿದರೆ ಅದಕ್ಕೂ ನಗುತ್ತಾರೆಂದು ಸುಮ್ಮನಿದ್ದಳು.

ಮಗಳು ಬಂದವಳು ಬಲವಂತ ಮಾಡಿ ಮೇಲುಕೋಟೆಯ ಒಬ್ಬ ಪಂಡಿತರ ಹತ್ತಿರ ಕರೆದುಕೊಂಡು ಹೋದಳು. ಪಂಡಿತರು ಮಡಿ; ನಾಡಿಯನ್ನು ಬಟ್ಟೆಯ ಮೇಲಿಂದಲೇ ಹಿಡಿದರು. ಒಂದು ಶ್ಲೋಕ ಹೇಳಿ, "ಲಂಘನ. ಉಪವಾಸಕ್ಕಿಂತ ಮದ್ದಿಲ್ಲ. ಜೊತೆಗೆ ದಿನಾ ಬೆಟ್ಟ ಹತ್ತಿ ಇಳಿ," ಅಂದರು. ಹೇಳಿದವರ ಸ್ವಂತ ಹೊಟ್ಟೆ ಪಂಚೆಯ ಮೇಲೆ ನೆಮ್ಮದಿಯಾಗಿ ಕೂತಿತ್ತು. ಚಿಕ್ಕಬೋರಮ್ಮ ಖಾಲಿ ಹೊಟ್ಟೆಯಲ್ಲಿ ಬೆಟ್ಟದ ಮೆಟ್ಟಿಲು ಹತ್ತಿದಳು, ಅರ್ಧದಲ್ಲಿ ಕಣ್ಣು ಕತ್ತಲಿಟ್ಟು ಮಂಟಪದಲ್ಲಿ ಬಿದ್ದಳು. ನಾಲ್ಕು ಜನ ಹಿಡಿದು ಇಳಿಸಿದರು. ಸುದ್ದಿ ಕೇಳಿದ ಪಂಡಿತರು, "ಛಲ ಸಾಲದು," ಅಂದರಂತೆ.

ದೀಪಾವಳಿ ಹೊತ್ತಿಗೆ ಹಳೇಕಟ್ಟೆಗೆ ಹೊಸ ನರ್ಸಮ್ಮ ಬಂದಳು. ಯಶೋದಮ್ಮ ಅಂತ, ಶ್ರೀರಂಗಪಟ್ಟಣದ ಹುಡುಗಿ, ಇಪ್ಪತ್ತಮೂರು ವಯಸ್ಸು. ಕಪ್ಪು ಕೊಡೆ, ಚರ್ಮದ ಚೀಲ, ಅವಳಷ್ಟೇ ಎತ್ತರದ ರಿಜಿಸ್ಟರುಗಳು. ಇಪ್ಪತ್ತೆರಡು ಹಳ್ಳಿಗೆ ಅವಳೊಬ್ಬಳೇ. ಆ ವರ್ಷ ಸರ್ಕಾರಕ್ಕೆ, ಮಕ್ಕಳಾಗದಂತೆ ಗರ್ಭದೊಳಗೆ ಇಡುವ ಲೂಪಿನ ಹುಚ್ಚು ಹಿಡಿದಿತ್ತು. ತಿಂಗಳಿಗೆ ಇಷ್ಟು ಹೆಂಗಸರಿಗೆ ಲೂಪು ಹಾಕಿಸಲೇಬೇಕು, ಇಲ್ಲದಿದ್ದರೆ ಸಂಬಳಕ್ಕೆ ಕುತ್ತು. ಬಸುರಿಯರನ್ನು ಮಾತ್ರ ಆ ಪಟ್ಟಿಯಿಂದ ಬಿಡಬಹುದಿತ್ತು.

ಹೋಟ್ಲಿನ ಬಾಗಿಲಲ್ಲಿ ನಿಂತು ಯಶೋದಮ್ಮ ಕೇಳಿದಳು: "ಎಷ್ಟನೇ ತಿಂಗಳಮ್ಮ?"

"ಏನು ಎಷ್ಟ್ನೇ ತಿಂಗ್ಳು?"

"ನಾಚ್ಕೊಬೇಡಿ. ದೇವರು ಕೊಟ್ಟಿದ್ದು."

"ದ್ಯಾವ್ರು ಕೊಟ್ಟಿದ್ದಲ್ಲ ಕಣವ್ವ. ಮುದ್ದೆ ಕೊಟ್ಟಿದ್ದು ಅಂತ ಡಾಕ್ಟ್ರು ಯೋಳವ್ರೆ."

ಯಶೋದಮ್ಮನಿಗೆ ಇನ್ನೂ ಹನ್ನೊಂದು ಮನೆ ಬಾಕಿ ಇತ್ತು. "ಮುಟ್ಟು ನಿಂತಿದೆಯಾ?" ಅಂದಳು. "ನಿಂತದೆ," ಅಂದಳು ಚಿಕ್ಕಬೋರಮ್ಮ. ಅಷ್ಟು ಸಾಕಾಯಿತು. "ಗರ್ಭಿಣಿ, ಐದನೇ ತಿಂಗಳು," ಅಂತ ಬರೆದು ನರ್ಸಮ್ಮ ಕೊಡೆ ಬಿಚ್ಚಿಕೊಂಡು ಹೊರಟೇಹೋದಳು. ಆಸ್ಪತ್ರೆಯ ಒಂದು ಕಾಗದದಲ್ಲಿ ಬೊಜ್ಜು, ಇನ್ನೊಂದರಲ್ಲಿ ಬಸುರು. ಎರಡೂ ಒಂದೇ ಬೀರುವಿನಲ್ಲಿದ್ದವು. ಒಂದನ್ನೊಂದು ನೋಡಲಿಲ್ಲ.

ತಿಂಗಳು ತಿಂಗಳೂ ಯಶೋದಮ್ಮ ಆ ಹೆಸರಿನ ಮುಂದೆ ಒಂದು ಗೀಟು ಹಾಕಿದಳು. ಆರು, ಏಳು, ಎಂಟು, ಒಂಬತ್ತು. ಹತ್ತಕ್ಕೂ ಹಾಕಿದಳು. ಅಷ್ಟು ಹೆಸರುಗಳ ನಡುವೆ ಇದು ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಮುಂದಿನ ಆಷಾಢದಲ್ಲಿ, ತನಿಖೆಗೆ ಬಂದ ಮೇಲಧಿಕಾರಿಗೆ.

"ಏನಮ್ಮ ಇದು? ಹದಿನಾಲ್ಕು ತಿಂಗಳ ಬಸುರಿ? ಇದು ಹೆಂಗಸೋ ಆನೆಯೋ?" ಅಂತ ಅವರು ರಿಜಿಸ್ಟರನ್ನು ಮೇಜಿನ ಮೇಲೆ ಕುಕ್ಕಿದರು. "ಇಲ್ಲಿ ಮೂರು ಕಾಲಮು ಇದೆ. ಹೆರಿಗೆ, ಗರ್ಭಪಾತ, ಮರಣ. ಸಾಯಂಕಾಲದೊಳಗೆ ಮೂರರಲ್ಲಿ ಒಂದು ಭರ್ತಿ ಆಗಬೇಕು."

ಯಶೋದಮ್ಮ ಓಡಿಕೊಂಡು ಹೋಟ್ಲಿಗೆ ಬಂದಳು. ಚಿಕ್ಕಬೋರಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಿಟ್ಟು ತೊಳಸುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ನರ್ಸಮ್ಮ ಅಳುತ್ತ ವಿಷಯ ಹೇಳಿದಳು. ಚಿಕ್ಕಬೋರಮ್ಮನಿಗೆ ಆ ಹುಡುಗಿಯ ಮೇಲೆ ಅಯ್ಯೋ ಅನ್ನಿಸಿತು.

"ಮೂರ್ನೇದೇ ಬರ್ಕೊ ತಾಯಿ. ಇನ್ನು ನಾಕು ದಿನದಲ್ಲಿ ಅದೇ ದಿಟ ಆಗಂಗೆ ಕಾಣ್ತದೆ."

ಯಶೋದಮ್ಮ ಅಳು ನಿಲ್ಲಿಸಿದಳು. ಚಾಪೆ ಹಾಸಿ ಮಲಗಿಸಿ, ಸೆರಗು ಸರಿಸಿ, ಹೊಟ್ಟೆಯ ಮೇಲೆ ಕೈಯಿಟ್ಟಳು. ಒಂದೂಕಾಲು ವರ್ಷದಲ್ಲಿ ಆ ಹೊಟ್ಟೆಯ ಮೇಲೆ ಬಿದ್ದ ಮೊದಲ ಕೈ ಅದು. ಒತ್ತಿದಳು, ತಟ್ಟಿದಳು, ಪಕ್ಕಕ್ಕೆ ಹೊರಳಿಸಿ ಮತ್ತೆ ತಟ್ಟಿದಳು. ಮಗುವಿನ ತಲೆ ಇಲ್ಲ, ಬೆನ್ನಿಲ್ಲ. ಚರ್ಮದ ಕೆಳಗೆ ಕೊಬ್ಬಿನ ಪದರವೂ ಅಷ್ಟೇನಿಲ್ಲ. ಅದರ ಕೆಳಗೆ ನೀರು ತುಂಬಿದ ಕೊಡದ ಹಾಗೆ ಒಂದೇ ಒಂದು ಗುಂಡನೆಯ ಗಟ್ಟಿ ವಸ್ತು.

"ಅಮ್ಮಾ, ಇದು ಬಸುರಲ್ಲ," ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಬೊಜ್ಜೂ ಅಲ್ಲ. ಗಡ್ಡೆ."

ಚಿಕ್ಕಬೋರಮ್ಮ ಹೆದರಬೇಕಾಗಿತ್ತು. ಅವಳಿಗೆ ಮೊದಲು ಬಂದದ್ದು ಅಳು. "ಅಂಗಾರೆ ನಾನು ಕದ್ದು ತಿಂದಿಲ್ಲ ಅಂತ ಗ್ಯಾರಂಟಿ ಆಯ್ತಲ್ಲವ್ವ," ಅಂದಳು.

ಮೈಸೂರಿನ ದೊಡ್ಡಾಸ್ಪತ್ರೆಗೆ ಒಂದು ಚೀಟಿ ಬೇಕೆಂದು ಯಶೋದಮ್ಮ ಡಾಕ್ಟರನ್ನು ಕೇಳಿದಳು. "ನೀನು ಯಾವ ಕಾಲೇಜಲ್ಲಿ ಓದಿದ್ದಮ್ಮ?" ಅಂದರು ಅವರು. ಆದರೂ ಬರೆದುಕೊಟ್ಟರು: "ಅತಿಯಾದ ಬೊಜ್ಜು. ಸಲಹೆ ಪಾಲಿಸುವುದಿಲ್ಲ." ಯಶೋದಮ್ಮ ಆ ಚೀಟಿಯನ್ನು ಚೀಲದ ತಳಕ್ಕೆ ತುರುಕಿ, ಮರುದಿನ ತಾನೇ ರಜ ಹಾಕಿ, ಚಿಕ್ಕಬೋರಮ್ಮನನ್ನು ಬಸ್ಸು ಹತ್ತಿಸಿದಳು. ಬಸ್ಸಿನ ಡ್ರೈವರು ಹಳೇ ಗಿರಾಕಿ. ಮುಂದಿನ ಸೀಟು ಖಾಲಿ ಮಾಡಿಸಿ, ಗುಂಡಿ ಬಂದ ಕಡೆಯಲ್ಲೆಲ್ಲ ನಿಧಾನ ಮಾಡಿದ. ಶ್ರೀರಂಗಪಟ್ಟಣದಲ್ಲಿ ನರ್ಸಮ್ಮನ ತಾಯಿ ಮೊಸರನ್ನ ಕಟ್ಟಿಕೊಂಡು ಬಸ್ಸಿನ ಹತ್ತಿರ ನಿಂತಿದ್ದರು. ಹುಚ್ಚಯ್ಯ ಹೋಟ್ಲು ನೋಡಿಕೊಳ್ಳಲು ಊರಲ್ಲೇ ಉಳಿದ. ಅವನು ನೋಡಿಕೊಂಡ ಹೋಟ್ಲು ಎರಡೇ ದಿನಕ್ಕೆ ಮುಚ್ಚಿತು.

ಮೈಸೂರಿನಲ್ಲಿ ಒಬ್ಬರು ವಯಸ್ಸಾದ ಲೇಡಿ ಡಾಕ್ಟರು ನೋಡಿದರು. ಮೇಜಿನ ಆಚೆಯಿಂದ ಎದ್ದು ಬಂದು, ಎರಡೂ ಕೈಯಿಂದ ನೋಡಿದರು. "ಇದನ್ನ ಬೊಜ್ಜು ಅಂದವರು ಯಾರು?" ಅಂತ ಕೇಳಿದರು. ಯಶೋದಮ್ಮ ಚೀಲದ ಬಾಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದಳು.

ಅಂಡಾಶಯದ ಗಡ್ಡೆ. ಹೊರಗೆ ತೆಗೆದು ತೂಗಿದಾಗ ಹದಿಮೂರು ಕೆ.ಜಿ. ನಾಲ್ಕನೆಯ ದಿನ, ಹೊಲಿಗೆ ಇನ್ನೂ ಹಸಿಯಾಗಿರುವಾಗ, ಲೇಡಿ ಡಾಕ್ಟರು ಮಂಚದ ಪಕ್ಕ ಕೂತು ತಿಳಿಸಿ ಹೇಳಿದರು. "ಅದು ಕೆಟ್ಟ ಜಾತಿಯ ಗಡ್ಡೆ ಅಲ್ಲ. ಇನ್ನೊಂದೆರಡು ತಿಂಗಳು ಬಿಟ್ಟಿದ್ದರೆ ಉಸಿರು ನಿಲ್ಲಿಸಿಬಿಡ್ತಿತ್ತು. ಈಗ ಭಯವಿಲ್ಲ."

"ಅಂಗಾರೆ ದಪ್ಪ ಎಲ್ಲ ಅದ್ರದೇನಾ ತಾಯಿ?"

"ಹದಿಮೂರು ಕೆ.ಜಿ. ಅದರದು," ಅಂದರು ಡಾಕ್ಟರು. "ಮಿಕ್ಕಿದ್ದೆಲ್ಲ ನಿಮ್ಮದೇ."

ಹೊಲಿಗೆ ಹರಿಯುತ್ತದೆಂದು ಪಕ್ಕದ ಮಂಚದವರು ಗಾಬರಿಯಾಗುವಷ್ಟು ನಕ್ಕಳು ಚಿಕ್ಕಬೋರಮ್ಮ.

ಊರಿಗೆ ಬಂದಾಗ ಎರಡು ಸುದ್ದಿ ಕಾದಿದ್ದವು. ಮೊದಲೇ ಊರಿಗೆ ಮರಳಿದ್ದ ಯಶೋದಮ್ಮ ಕೊನೆಗೂ ರಿಜಿಸ್ಟರಿನ ಮೂರು ಕಾಲಮಿನಲ್ಲಿ ಯಾವುದನ್ನೂ ತುಂಬದೆ, ಅಂಚಿನಲ್ಲಿ "ಗರ್ಭವಲ್ಲ, ಗಡ್ಡೆ, ಆಪರೇಷನ್ ಆಗಿದೆ" ಅಂತ ಬರೆದಿದ್ದಳು. ಮೊದಲು ಸುಳ್ಳು ದಾಖಲೆ ಬರೆದದ್ದಕ್ಕೆ ಒಂದು ನೋಟೀಸು, ಆಮೇಲೆ ನಿಜ ಬರೆದು ರಿಜಿಸ್ಟರು ಕೆಡಿಸಿದ್ದಕ್ಕೆ ಇನ್ನೊಂದು. ಕೊನೆಗೆ ನಾಗಮಂಗಲದ ಆಚೆ ಬಸ್ಸು ಹೋಗದ ಒಂದು ಊರಿಗೆ ವರ್ಗ. ಎರಡನೇ ಸುದ್ದಿ ತಂದವನು ಕ್ಯಾರಿಯರ್ ಹಿಡಿದು ಬಂದ ದಾಸಯ್ಯ. ಡಾಕ್ಟರು ಆ ವರ್ಷದ ವರದಿಯಲ್ಲಿ ಬರೆದಿದ್ದರಂತೆ: ಪಥ್ಯದ ಸಲಹೆಯಿಂದ ಒಬ್ಬ ಸ್ಥೂಲಕಾಯದ ಮಹಿಳೆಯ ತೂಕ ಹದಿಮೂರು ಕೆ.ಜಿ. ಇಳಿದಿದೆ.

ಚಿಕ್ಕಬೋರಮ್ಮ ಆಸ್ಪತ್ರೆಗೆ ನಡೆದುಕೊಂಡೇ ಹೋದಳು. ಡಾಕ್ಟರ ಖಾಲಿ ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು.

"ಇನ್ಮ್ಯಾಕೆ ನಮ್ಮಲ್ಲಿಂದ ಊಟ ಬರಾಕಿಲ್ಲ ಸ್ವಾಮಿ. ತಮ್ಮ ಮೈಗೆ ತಾವೇ ಜವಾಬ್ದಾರಿ ತಾನೇ."

"ಏನಮ್ಮ, ಬಹಳ ಮಾತಾಡ್ತೀಯ. ನೀನು ತಿಂದಿರಲಿಲ್ವಾ ಹಾಗಾದ್ರೆ?"

"ತಿಂದಿವ್ನಿ. ಯಾರು ಇಲ್ಲ ಅಂದೋರು? ನಾ ತಿಂದಿದ್ದು ನನ್ ಮೈಮ್ಯಾಲೆ ಅದೆ, ದಾರಿಲೋಗೋರ್ಗೆಲ್ಲ ಕಾಣ್ತದೆ. ನೀವು ನೋಡ್ದೆ ಬುಟ್ರಲ್ಲ, ಅದು ಯಾರ್ ಮೈಮ್ಯಾಲೆ ಕಾಣ್ತದೆ?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, "ಮುಂದಿನವರು ಬನ್ನಿ," ಅಂದರು.

ಚಿಕ್ಕಬೋರಮ್ಮ ತೆಳ್ಳಗಾಗಲಿಲ್ಲ. ಒಂದು ವರ್ಷ ಒಂದೇ ಮುದ್ದೆಯಲ್ಲಿದ್ದಳು, ಆಮೇಲೆ ಒಂದೂವರೆಗೆ ಬಂದಳು, ಎರಡಕ್ಕೆ ಹೋಗಲಿಲ್ಲ. ಮಂಡಿ ನೋವು ಬಂದಾಗ, "ಇದು ಮಾತ್ರ ನಂದೇ ಕಣ್ರವ್ವ," ಅಂತ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸುತ್ತಲ ಹಳ್ಳಿಯ ಹೆಂಗಸರು ಯಾರಾದರೂ ಹೊಟ್ಟೆನೋವು ಅಂತ ಆಸ್ಪತ್ರೆಗೆ ಬಂದರೆ ಕೈಮರದಲ್ಲಿ ಇಳಿದು ಮೊದಲು ಇವಳನ್ನು ಕರೆಯುತ್ತಿದ್ದರು. ಅವಳು ಜೊತೆಗೆ ಹೋಗಿ ಬಾಗಿಲು ತುಂಬ ನಿಂತು, "ಮುಟ್ಟಿ ನೋಡಿ ಸ್ವಾಮಿ," ಅನ್ನುತ್ತಿದ್ದಳು. ಅವಳು ಅಲ್ಲಿ ನಿಂತರೆ ಡಾಕ್ಟರಿಗೆ ಹೊರಗೆ ಹೋಗಲು ದಾರಿ ಇರುತ್ತಿರಲಿಲ್ಲ. ಮುಟ್ಟಿ ನೋಡುತ್ತಿದ್ದರು.

ಎಪ್ಪತ್ತೊಂದರಲ್ಲಿ ಹುಚ್ಚಯ್ಯನ ಕಾಲಬೆರಳಿಗೆ ಗಾಯವಾಗಿ ಮಾಯದೆ ಹೋಯಿತು. ಸಕ್ಕರೆ ಕಾಯಿಲೆ, ಹತ್ತು ವರ್ಷದಿಂದಲೂ ಇದ್ದಿರಬೇಕು ಅಂದರು ಮಂಡ್ಯದ ಆಸ್ಪತ್ರೆಯಲ್ಲಿ. ಕಡ್ಡಿಯಂಥ ಆಳಿಗೆ ಆ ಕಾಯಿಲೆ ಇರಬಹುದೆಂದು ಯಾರೂ ಒಂದು ದಿನವೂ ಮೂತ್ರ ಪರೀಕ್ಷೆ ಮಾಡಿಸಿರಲಿಲ್ಲ. ಎರಡು ಬೆರಳು ತೆಗೆದರು. ನೋಡಲು ಬಂದ ನೆಂಟರು ಅವನ ಕಾಲಿನ ಕಟ್ಟು ನೋಡಿದರು, ಅವಳ ಮೈ ನೋಡಿದರು, ಹೊರಗೆ ಹೋಗಿ ಮಾತಾಡಿಕೊಂಡರು: "ಎಲ್ಲಾ ಅವ್ಳು ಇಕ್ಕಿದ್ದು. ಇಕ್ಕಿ ಇಕ್ಕಿ ಅವನ್ಗೆ ಈ ಗತಿ ತಂದ್ಳು."

ಒಳಗಿದ್ದ ಚಿಕ್ಕಬೋರಮ್ಮನಿಗೆ ಅದು ಕೇಳಿಸಿತು. ಅವಳು ಇಂಜೆಕ್ಷನ್ನಿನ ಗಾಜಿನ ಕೊಳವೆಯನ್ನು ಕುದಿಯುವ ನೀರಿಗೆ ಹಾಕಿ, ಹುಚ್ಚಯ್ಯನ ತಟ್ಟೆಗೆ ಅರ್ಧ ಮುದ್ದೆ ಮುರಿದು ಇಟ್ಟಳು.

"ಇದೇನೇ ಇಷ್ಟೇ?" ಅಂದ ಅವನು.

"ಉಣ್ಣು," ಅಂದಳು ಅವಳು.